ನಾಲ್ಕೇ ಜೊತೆ ಬಟ್ಟೇಲಿ ನೀಟಾಗಿರೋದು ಹೇಗೆ: ಹಿಂದಿನವರು ಮಾಡ್ತಿದ್ದ ರೀತಿ

ಬಟ್ಟೆ ಬಿಚ್ಚಿ ಕುರ್ಚಿ ಮೇಲೆ ಗುಡ್ಡೆ ಹಾಕೋ ಅಭ್ಯಾಸ ಇದ್ರೆ ಮೊದ್ಲು ಅದನ್ನ ಬಿಡಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಯಾಕಂದ್ರೆ ನಲ್ಲಿ, ವಾಷಿಂಗ್ ಮಷಿನ್ ಏನೂ ಇಲ್ಲದ ಕಾಲದಲ್ಲಿ ಎರಡು ಮೂರು ಜೊತೆ ಬಟ್ಟೆ ಇಟ್ಕೊಂಡು ಅಷ್ಟು ಚೊಕ್ಕಟವಾಗಿ ಓಡಾಡ್ತಿದ್ದೋರು ಒಗೆಯೋದ್ರಲ್ಲಿ ಗೆದ್ದಿದ್ದಲ್ಲ, ಕೊಳೆ ಮೇಲ್ಬಟ್ಟೆಗೆ ಹತ್ತದ ಹಾಗೆ ನೋಡ್ಕೊಳ್ಳೋದ್ರಲ್ಲಿ ಗೆದ್ದಿದ್ದು. ಈ ಒಂದು ವಿಷಯ ತಲೆಗೆ ಹೋದ್ರೆ ಮುಂದಿನದೆಲ್ಲ ಸುಲಭ.

ಮೈಯಿಂದ ಶುರು ಮಾಡೋಣ. ದಿನಾ ಬಕೆಟ್‌ಗಟ್ಟಲೆ ನೀರು ಸಿಗದೇ ಇದ್ದಾಗ ಜನ ಬೇಸನ್ ಸ್ನಾನ ಮಾಡ್ತಿದ್ರು, ಪ್ರಯಾಣದಲ್ಲೋ ನೀರು ಬರದ ದಿನಾನೋ ಇವತ್ತಿಗೂ ಇದು ಬಹಳ ಉಪಯೋಗ. ಮೂರ್ನಾಲ್ಕು ಲೀಟರ್ ಬೆಚ್ಚಗಿನ ನೀರು, ಎರಡು ಸಣ್ಣ ಬಟ್ಟೆ ಸಾಕು, ಒಂದು ಸೋಪಿಗೆ ಇನ್ನೊಂದು ಬರೀ ನೀರಿಗೆ. ನೀರಲ್ಲಿ ಅರ್ಧ ಬೇರೆ ತೆಗೆದಿಡಿ, ಕೊನೇಲಿ ಬೇಕಾಗುತ್ತೆ. ಮುಖ ಮೊದ್ಲು, ಆಮೇಲೆ ಕಿವಿ ಹಿಂದೆ ಕುತ್ತಿಗೆ, ಆಮೇಲೆ ಕೈ ಎದೆ ಬೆನ್ನು, ಆಮೇಲೆ ಕಂಕುಳು, ಕಾಲು, ಪಾದ, ಎಲ್ಲದಕ್ಕಿಂತ ಕೊನೇಗೆ ತೊಡೆಸಂದಿ, ಅಂದ್ರೆ ಚೊಕ್ಕ ಇರೋ ಕಡೆಯಿಂದ ಕೊಳೆ ಇರೋ ಕಡೆಗೆ ಹೋಗ್ಬೇಕೇ ಹೊರತು ಉಲ್ಟಾ ಅಲ್ಲ. ಬೆರಳು ಸಂದಿ ಒದ್ದೆ ಬಿಡಬೇಡಿ, ಫಂಗಸ್ ಹಿಡಿಯೋದೇ ಅಲ್ಲಿ. ಬೆವರಿಗೆ ತಾನಾಗೇ ಅಂಥ ವಾಸನೆ ಇರಲ್ಲ, ಚರ್ಮದ ಮೇಲಿರೋ ಬ್ಯಾಕ್ಟೀರಿಯಾ ಅದನ್ನ ಒಡೆದಾಗ ಬರೋದು ವಾಸನೆ, ಹಾಗಾಗಿ ಕಂಕುಳು, ತೊಡೆಸಂದಿ, ಪಾದ ಈ ಮೂರನ್ನ ದಿನಾ ಸೋಪು ಹಾಕಿ ತೊಳೆದು ಒಣಗಿಸಿದ್ರೆ ಮುಕ್ಕಾಲು ಕೆಲಸ ಮುಗೀತು. ಡಿಯೋಡರೆಂಟ್ ಅನ್ನೋದು ಡಬ್ಬದಲ್ಲಿ ಮಾರೋಕೆ ಬಂದಿದ್ದೇ 1888ರಲ್ಲಿ, ಅಮೆರಿಕದಲ್ಲಿ 'ಮಮ್' ಅಂತ ಒಂದು ಪೇಸ್ಟ್, ಅದಕ್ಕೆ ಮುಂಚೆ ಇದ್ದೋರು ಹೆಚ್ಚಾಗಿ ನೀರು, ಸೋಪು, ಇಲ್ಲಾ ಒಳಬಟ್ಟೆ ನಂಬ್ಕೊಂಡೇ ಬದುಕಿದ್ದು.

ಒಳಬಟ್ಟೆ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಎಲ್ಲರೂ ಮರ್ತಿರೋದು ಇದನ್ನೇ. 16-17ನೇ ಶತಮಾನದ ಯುರೋಪಲ್ಲಿ ಬಿಸಿನೀರು ಚರ್ಮದ ರಂಧ್ರ ತೆರೆದು ಕಾಯಿಲೆ ಒಳಗೆ ಬಿಡುತ್ತೆ ಅನ್ನೋ ಭಯ ಇತ್ತು, ಅದಕ್ಕೇ ಅಲ್ಲಿನೋರು ಮೈ ತೊಳೆಯೋ ಬದ್ಲು ಮೈಗೆ ಅಂಟೋ ಬಿಳಿ ಲಿನನ್ ಅಂಗಿ ಬದಲಾಯಿಸ್ತಿದ್ರು, ಶುಭ್ರವಾದ ಲಿನನ್ ಹಾಕ್ಕೊಂಡ್ರೆ ಮನುಷ್ಯ ಶುಭ್ರ ಅಂತ ಲೆಕ್ಕ. ಸ್ನಾನದ ಭಯ ತಪ್ಪೇ, ಆದ್ರೆ ಬಟ್ಟೆ ಬಗ್ಗೆ ಅವರು ಕಂಡುಕೊಂಡಿದ್ದು ಸರಿ, ಬೆವರು ಎಣ್ಣೆ ಎಲ್ಲ ಒಳಗಿನ ಬಟ್ಟೆ ಹೀರ್ಕೊಳ್ಳುತ್ತೆ, ಮೇಲಿನದು ಉಳ್ಕೊಳ್ಳುತ್ತೆ. ಹಾಗಾಗಿ ಶರ್ಟ್ ಒಳಗೆ ಕಾಟನ್ ಬನಿಯನ್ ಹಾಕಿ, ಅದನ್ನ ದಿನಾ ಒಗೀರಿ, ಶರ್ಟ್ ಎರಡನೇ ದಿನಕ್ಕೂ ಬರುತ್ತೆ.

ರೇಷ್ಮೆ ಅಥವಾ ಕಸೂತಿ ಇರೋ ದುಬಾರಿ ಬಟ್ಟೆಗೆ ಹಿಂದಿನ ಹೆಂಗಸರು ಇನ್ನೊಂದು ಉಪಾಯ ಮಾಡ್ತಿದ್ರು, ಕಂಕುಳಿನ ಒಳಗಡೆ ಅರ್ಧಚಂದ್ರದ ಆಕಾರದ ಪ್ಯಾಡ್ ಇಟ್ಟು ನಾಲ್ಕು ದೊಡ್ಡ ಹೊಲಿಗೆ ಹಾಕ್ತಿದ್ರು, ಹಾಕ್ಕೊಂಡು ಬಂದ್ಮೇಲೆ ಪ್ಯಾಡ್ ಬಿಚ್ಚಿ ಅದನ್ನ ಮಾತ್ರ ಒಗೆಯೋದು. ನೀವೂ ಮಾಡಿ, ಹಳೇ ಬನಿಯನ್ ಬಟ್ಟೆ ಎರಡು ಪದರ ಕತ್ತರಿಸಿ ಅಂಚು ಹೊಲಿದ್ರೆ ಆಯ್ತು, ಹತ್ತು ನಿಮಿಷದ ಕೆಲಸ, ರೇಷ್ಮೆ ಮೇಲೆ ಬೆವರಿನ ಕಲೆ ಕೂತ್ರೆ ಅದು ಹೋಗೋದೇ ಇಲ್ಲ ಅನ್ನೋದು ಅನುಭವಿಸಿದೋರಿಗೆ ಗೊತ್ತು.

ಇನ್ನು ಕಾಲರ್. ಶರ್ಟಲ್ಲಿ ಮೊದ್ಲು ಕೊಳೆ ಆಗೋದು ಕಾಲರ್ ಮತ್ತೆ ಕಫ್, ಉಳಿದ ಭಾಗ ಚೆನ್ನಾಗೇ ಇರುತ್ತೆ, ಇದನ್ನ ನೋಡಿನೇ 1820ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಲ್ಲಿ ಬಿಚ್ಚಿ ತೆಗೆಯೋ ಕಾಲರ್ ಶುರುವಾಗಿದ್ದು, ಮುಂದೆ ಆ ಊರಿಗೆ ಕಾಲರ್ ಸಿಟಿ ಅಂತಾನೇ ಹೆಸರು ಬಂತು. ಈಗ ಅಂಥ ಶರ್ಟ್ ಯಾರೂ ಹಾಕಲ್ಲ, ಆದ್ರೆ ಲಾಜಿಕ್ ಅದೇ. ಕಾಲರ್ ಒಳಗಿನ ಕಪ್ಪು ಗೆರೆ ಮೈಯೆಣ್ಣೆಯಿಂದ ಆಗೋದು, ಒಗೆಯೋಕೆ ಇಪ್ಪತ್ತು ನಿಮಿಷ ಮುಂಚೆ ಒದ್ದೆ ಮಾಡಿ ಬಾರ್ ಸೋಪ್ ಉಜ್ಜಿ ಇಡಿ, ಮೆತ್ತಗಿನ ಬ್ರಷ್‌ನಿಂದ ತಿಕ್ಕಿ, ಆಮೇಲೆ ಇಡೀ ಶರ್ಟ್ ಒಗೀರಿ. ರಕ್ತದ ಕಲೆ ಇದ್ರೆ ಮಾತ್ರ ತಣ್ಣೀರೇ, ಬಿಸಿ ತಾಗಿದ್ರೆ ಗಟ್ಟಿಯಾಗಿ ಕೂತುಬಿಡುತ್ತೆ. ಕಾಲರ್ ಮಡಿಕೆ ಸವೆದು ನೂಲು ಎದ್ದಿದ್ರೆ ಶರ್ಟ್ ಬಿಸಾಡಬೇಡಿ, ಟೈಲರ್ ಹತ್ರ ಕಾಲರ್ ಬಿಚ್ಚಿಸಿ ತಿರುಗಿಸಿ ಹೊಲಿಸಿ, ಸವೆದಿದ್ದು ಒಳಗೆ ಹೋಗಿ ಹೊಸ ಮಗ್ಗುಲು ಮೇಲೆ ಬರುತ್ತೆ. ನಾನು ಎರಡು ಶರ್ಟಿಗೆ ಮಾಡಿಸಿದೀನಿ, ಯಾರಿಗೂ ಗೊತ್ತಾಗಲ್ಲ.

ಮನೆಗೆ ಬಂದ ತಕ್ಷಣ ಮಾಡೋ ಕೆಲಸ ಇನ್ನೊಂದಿದೆ. ಕೋಟು, ಪ್ಯಾಂಟು, ಉಣ್ಣೆ ಬಟ್ಟೆ ಏನೇ ಇರ್ಲಿ ಜೇಬು ಖಾಲಿ ಮಾಡಿ, ಬಟ್ಟೆ ಬ್ರಷ್‌ನಿಂದ ಮೇಲಿಂದ ಕೆಳಗೆ ಎಳೆದು ಧೂಳು ತೆಗೆದು, ಗಾಳಿ ಆಡೋ ಕಡೆ ರಾತ್ರಿಯೆಲ್ಲ ನೇತು ಹಾಕಿ, ಬೀರುವಿಗೆ ಬೆಳಿಗ್ಗೆ. ಧೂಳು ಬೆವರಿನ ತೇವದ ಜೊತೆ ಕೂತ್ರೆ ಎಳೆಯನ್ನ ಮರಳು ಕಾಗದದ ಹಾಗೆ ಸವೆಸುತ್ತೆ. ಉಣ್ಣೆಗೆ ಗಾಳಿ ಸಿಕ್ಕಿದ್ರೆ ವಾಸನೆ ಬಹಳಷ್ಟು ತಾನೇ ಹೋಗುತ್ತೆ, ಹಾಗಾಗಿ ಸುಮ್ ಸುಮ್ನೆ ಒಗೀಬೇಡಿ. ಮನೇಲಿ ಹಾಕೋ ಬಟ್ಟೆ, ಹೊರಗೆ ಹಾಕೋ ಬಟ್ಟೆ ಬೇರೆ ಬೇರೆ ಇರ್ಲಿ, ಹೊರಗಿನದ್ದು ಹಾಕ್ಕೊಂಡೇ ಅಡುಗೆ ಮನೆಗೆ ಹೋಗೋದು, ಹಾಸಿಗೆ ಮೇಲೆ ಉರುಳೋದು ಬೇಡ.

ಒಗೆಯೋ ಮುಂಚೆ ಹರಿದಿದ್ದನ್ನ ಹೊಲೀರಿ, ಒಗೆದ ಮೇಲೆ ಅಲ್ಲ, ಸಣ್ಣ ತೂತು ನೀರಲ್ಲಿ ಎಳೆದಾಡಿ ದೊಡ್ಡದಾಗುತ್ತೆ. ಗುಂಡಿ ಹೊಲಿವಾಗ ಗುಂಡಿ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು ಅದರ ಮೇಲಿಂದ ಹೊಲಿದು, ಕಡ್ಡಿ ಎಳೆದು, ಸಡಿಲವಾದ ದಾರನ ಗುಂಡಿ ಕೆಳಗೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ, ಸುಲಭಕ್ಕೆ ಬೀಳಲ್ಲ. ಬಿಳಿ ಬಟ್ಟೆ ಹಳೇದಾದ ಹಾಗೆ ಹಳದಿಗೆ ತಿರುಗುತ್ತೆ, ಒಂಚೂರು ನೀಲಿ ಹಾಕಿದ್ರೆ ಆ ಹಳದಿ ಕಣ್ಣಿಗೆ ಕಾಣಲ್ಲ. ನೀಲಿನ ಮೊದ್ಲು ಒಂದು ಮಗ್ ನೀರಲ್ಲಿ ಪೂರ್ತಿ ಕದಡಿ ಆಮೇಲೆ ಬಕೆಟ್‌ಗೆ ಹುಯ್ಯಿರಿ, ನೇರ ಬಟ್ಟೆ ಮೇಲೆ ಬಿದ್ರೆ ಚುಕ್ಕೆ ಬೀಳುತ್ತೆ. ಬಿಳೀದನ್ನ ಬಿಸಿಲಿಗೆ, ಬಣ್ಣದ್ದನ್ನ ಒಳಮಗ್ಗುಲು ಹೊರಗೆ ಮಾಡಿ ನೆರಳಿಗೆ. ಇಸ್ತ್ರಿಗೆ ಮುಂಚೆ ನೀರು ಚಿಮುಕಿಸಿ ಸುರುಳಿ ಸುತ್ತಿ ಅರ್ಧ ಗಂಟೆ ಇಟ್ರೆ ತೇವ ಸಮ ಆಗುತ್ತೆ, ಕಾಲರ್‌ನ ತುದಿಯಿಂದ ನಡುವಿಗೆ ಎಳೀರಿ, ಆಮೇಲೆ ಕಫ್, ತೋಳು, ಮೈ.

ಶೂ ಎರಡು ಜೊತೆ ಇದ್ರೆ ದಿನ ಬಿಟ್ಟು ದಿನ ಹಾಕಿ, ಒಂದೇ ಜೊತೆ ಇದ್ರೆ ರಾತ್ರಿ ಒಳಗೆ ನ್ಯೂಸ್ ಪೇಪರ್ ತುರುಕಿ ಇಡಿ, ತೇವ ಹೀರ್ಕೊಳ್ಳುತ್ತೆ. ಪಾಲಿಶ್ ತೆಳ್ಳಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ಬ್ರಷ್ ಮಾಡಿ, ದಪ್ಪ ಬಳಿದ್ರೆ ಹೊಳಪು ಬರಲ್ಲ. ಉಗುರು ವಾರಕ್ಕೊಂದ್ಸಲ, ಕೈ ತೊಳೆಯುವಾಗ ಉಗುರು ಸಂದಿಗೂ ಬ್ರಷ್. ವಿಯೆನ್ನಾದ ಆಸ್ಪತ್ರೆಲಿ 1847ರಲ್ಲಿ ಸೆಮ್ಮೆಲ್ವೈಸ್ ಅನ್ನೋ ಡಾಕ್ಟರ್ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದ್ದಕ್ಕೇ ಬಾಣಂತಿಯರ ಸಾವು ಗಣನೀಯವಾಗಿ ಇಳೀತು, ಆದ್ರೂ ಬಹಳ ಜನ ಡಾಕ್ಟರುಗಳು ಒಪ್ಪಲೇ ಇಲ್ಲ, ಅದನ್ನ ಓದಿದಾಗೆಲ್ಲ ನಂಗೆ ಸಂಕಟ ಆಗುತ್ತೆ.

ಹಿಂದಿನವರು ಮಾಡಿದ್ದೆಲ್ಲ ಮಾಡೋಕೆ ಮಾತ್ರ ಹೋಗಬೇಡಿ. ಮುಖ ಬೆಳ್ಳಗೆ ಕಾಣಲಿ ಅಂತ ಸೀಸ ಇರೋ ಬಿಳಿ ಬಣ್ಣ ಬಳ್ಕೊಂಡು ವಿಷ ಏರಿಸ್ಕೊಂಡೋರು ಇದ್ರು. ಇಟ್ಟಿಗೆ ಪುಡಿ, ಇದ್ದಿಲು ಪುಡಿ ಹಾಕಿ ಹಲ್ಲು ಉಜ್ಜಿದ್ರೆ ಎನಾಮಲ್ ಸವೆಯುತ್ತೆ, ಮೆತ್ತನೆ ಬ್ರಷ್ಷೇ ಒಳ್ಳೇದು, ನೈಲಾನ್ ಬ್ರಷ್ ಬಂದಿದ್ದು 1938ರಲ್ಲಿ, ಅಲ್ಲೀವರೆಗೂ ಅಂಗಡಿ ಬ್ರಷ್‌ಗಳಿಗೆ ಹೆಚ್ಚಾಗಿ ಇರ್ತಿದ್ದಿದ್ದು ಹಂದಿ ಕೂದಲು. ಪೆಟ್ರೋಲಲ್ಲಿ ಕಲೆ ತೆಗೆಯೋದು ಹಳೇ ಉಪಾಯ ಅಂತ ಯಾರಾದ್ರೂ ಹೇಳಿದ್ರೆ ಖಂಡಿತ ಮಾಡಬೇಡಿ, ಅದರ ಆವಿಗೆ ಒಂದು ಕಿಡಿ ಸಾಕು. ರೇಜರ್, ಬಾಚಣಿಗೆ, ಟವೆಲ್ ಮನೆಮಂದಿಗೆಲ್ಲ ಒಂದೇ ಇಡ್ತಿದ್ದ ಪದ್ಧತಿನೂ ಬೇಡ, ಒಬ್ಬೊಬ್ಬರಿಗೆ ಒಂದೊಂದು ಇರ್ಲಿ, ಬಾಚಣಿಗೆನ ವಾರಕ್ಕೊಮ್ಮೆ ಸೋಪು ನೀರಲ್ಲಿ ನೆನೆಸಿ ತೊಳೀರಿ.