ಮಲೆನಾಡಿನ ಮಳೆಗಾಲದಲ್ಲಿ ಮರ್ಸೆನ್ ಅವಿಭಾಜ್ಯ ಪರೀಕ್ಷೆ: ನನ್ನ ಅನುಭವ

2ರ ಘಾತದಿಂದ ಒಂದು ಕಳೆದರೆ ಸಿಗುವ ಸಂಖ್ಯೆ (ಇದೇ ಮರ್ಸೆನ್ ಸಂಖ್ಯೆ) ಅವಿಭಾಜ್ಯವೋ ಅಲ್ಲವೋ ಎಂದು ನೋಡಲು ತೀರ್ಥಹಳ್ಳಿಯ ಮನೆಯಲ್ಲಿ ನಾನು ನೆಚ್ಚಿಕೊಂಡಿರುವುದು ಲ್ಯೂಕಸ್-ಲೆಹ್ಮರ್ ಪರೀಕ್ಷೆಯನ್ನು. 2024ರ ಅಕ್ಟೋಬರಿನಲ್ಲಿ ಅತಿ ದೊಡ್ಡ ಅವಿಭಾಜ್ಯದ ದಾಖಲೆ ಮುರಿದ 2^136279841 − 1 ಕೂಡ ಇದೇ ಜಾತಿಯದು. ಬಿಡಿಸಿ ಬರೆದರೆ 4,10,24,320 ಅಂಕಿ.

ಘಾತ, ಅಂದರೆ 2^ಪ − 1ರಲ್ಲಿನ ಪ, ತಾನೇ ಅವಿಭಾಜ್ಯವಾಗಿರಬೇಕು. ಅಷ್ಟೇ ಸಾಲದು: 2^11 − 1 = 2047 = 23 × 89. ಹಾಗಾಗಿ ಮೊದಲು ಸಣ್ಣ ಅಪವರ್ತನ ಹುಡುಕುತ್ತೇನೆ. ಬೆಸ ಪ ಆದರೆ ಅವಿಭಾಜ್ಯ ಅಪವರ್ತನ 2×ಕ×ಪ + 1 ರೂಪದಲ್ಲೇ ಇರಬೇಕು (ಕ ಎಂದರೆ 1, 2, 3 ಹೀಗೆ ಯಾವುದಾದರೂ ಪೂರ್ಣಸಂಖ್ಯೆ), 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. 11ಕ್ಕೆ 23, 45, 67, 89 ಎಂಬ ಸಾಲಿನಲ್ಲಿ 45, 67 ನೋಡುವ ಮೊದಲೇ ಬಿದ್ದುಹೋಗುತ್ತವೆ.

ಉಳಿದದ್ದಕ್ಕೆ ಪರೀಕ್ಷೆ. 4ರಿಂದ ಶುರು, ವರ್ಗ ಮಾಡು, 2 ಕಳೆ, 2^ಪ − 1ರಿಂದ ಭಾಗಿಸಿದ ಶೇಷ ಇಟ್ಟುಕೋ. ಇದನ್ನು ಪ − 2 ಸಲ ಮಾಡಿದ ಮೇಲೆ ಸೊನ್ನೆ ಬಂದರೆ ಅವಿಭಾಜ್ಯ. ಶೇಷಕ್ಕೆ ಭಾಗಾಕಾರವೇ ಬೇಡ, ಮಜಾ ಇರುವುದೇ ಇಲ್ಲಿ. 127ಕ್ಕೆ (ಪ = 7) ನೋಡಿ: 4, 14, ಆಮೇಲೆ 194. 194ರಲ್ಲಿ 128 (ಅಂದರೆ 2^7) 1 ಸಲ, ಮಿಕ್ಕಿದ್ದು 66. ಆ 1, ಈ 66 ಎರಡನ್ನೂ ಕೂಡಿದರೆ 67. 67ರ ವರ್ಗದಲ್ಲಿ 2 ಕಳೆದರೆ 4487, ಅದು 35×128 + 7, ಹಾಗಾಗಿ 42. ಮುಂದೆ 1762, ಅದರಿಂದ 13 + 98 = 111. ಕೊನೆಗೆ 12319, ಅದು 96×128 + 31, ಮೊತ್ತ 127. ಸೊನ್ನೆ ಕಾಣಲಿಲ್ಲ ಎಂದು ಇಲ್ಲಿ ಕೈಬಿಡಬೇಡಿ: ಈ ಕೂಡುವ ವಿಧಾನದಲ್ಲಿ 127 ಬಂದರೂ ಸೊನ್ನೆ ಬಂದಂತೆಯೇ. ಪ್ರೋಗ್ರಾಂ ಬರೆಯುವಾಗ ಎರಡನ್ನೂ ಪರೀಕ್ಷಿಸಿ. ದೊಡ್ಡ ಸಂಖ್ಯೆಯಲ್ಲಿ ಹೀಗೆ ಒಂದೇ ಸಲ ಕೂಡಿದರೆ ಸಾಲದಿರಬಹುದು, ಮೊತ್ತ ಪ ಬಿಟ್‌ಗೆ ಇಳಿಯುವವರೆಗೆ ಮತ್ತೆ ಕೂಡಬೇಕು.

ಪೈಥಾನ್‌ನಲ್ಲಿ ಘಾತ 11213ರವರೆಗೆ ಧಾರಾಳವಾಗಿ ನೋಡಬಹುದು. ಘಾತ 19937 ಆದರೆ ಆ ಮರ್ಸೆನ್ ಸಂಖ್ಯೆಗೆ 6002 ಅಂಕಿ. ಹೊಸ ಆವೃತ್ತಿಗಳು 4300 ಅಂಕಿ ಮೀರಿದ ಸಂಖ್ಯೆಯನ್ನು ಮುದ್ರಿಸಲು ಒಪ್ಪುವುದಿಲ್ಲ, ಆ ಮಿತಿಯನ್ನು ನಾವೇ ಎತ್ತಬೇಕು. ಲೆಕ್ಕಕ್ಕೇನೂ ತೊಂದರೆಯಿಲ್ಲ, ತಕರಾರು ಬರೀ ಮುದ್ರಣದ್ದು.

ಕೋಟಿಗಟ್ಟಲೆಯ ಘಾತಕ್ಕೆ ಪ್ರೈಮ್95 ಎಂಬ ಪ್ರೋಗ್ರಾಂ ಬೇಕು. ಆಷಾಢದ ಮಳೆಯಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವುದು ನಮ್ಮ ಕಡೆ ಮಾಮೂಲು. ಪ್ರೈಮ್95 ತಾನಾಗಿ 30 ನಿಮಿಷಕ್ಕೊಮ್ಮೆ ಲೆಕ್ಕವನ್ನು ಉಳಿಸುತ್ತದೆ, ನಾನು ಆ ಅವಧಿಯನ್ನು ಇನ್ನೂ ಇಳಿಸಿಕೊಳ್ಳುತ್ತೇನೆ. ಕರೆಂಟಿಗಿಂತ ಕೆಟ್ಟದ್ದು ಮೆಮೊರಿಯ ದೋಷ. ನಡುವೆ ಒಂದು ಬಿಟ್ ತಿರುಗಿದರೂ ಕೊನೆಯ ಶೇಷ ಏನೋ ಒಂದು ಸಂಖ್ಯೆ ಬರುತ್ತದೆ, 'ಅವಿಭಾಜ್ಯವಲ್ಲ' ಎಂಬ ತಪ್ಪು ಉತ್ತರಕ್ಕೂ ಸರಿ ಉತ್ತರಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸ ಇರುವುದಿಲ್ಲ. ಈ ಕಾರಣಕ್ಕೆ ದೊಡ್ಡ ಘಾತಗಳನ್ನು ಮೊದಲು ಫರ್ಮಾ ಮಾದರಿಯ ಸಂಭಾವ್ಯ-ಅವಿಭಾಜ್ಯ ಪರೀಕ್ಷೆಗೆ (ಪಾಸಾದರೆ 'ಬಹುಶಃ ಅವಿಭಾಜ್ಯ' ಎಂದಷ್ಟೇ ಹೇಳುವಂಥದ್ದು) ಹಾಕುತ್ತೇನೆ. ಅದರ ಜೊತೆಗಿರುವ ಗರ್ಬಿಚ್ ತಪಾಸಣೆ ಇಂಥ ದೋಷವನ್ನು ನಡುವೆಯೇ ಹಿಡಿದು, ಹಿಂದಿನ ಸರಿಯಾದ ಹಂತದಿಂದ ಲೆಕ್ಕ ಮುಂದುವರಿಸುತ್ತದೆ. ಅದರಲ್ಲಿ ಪಾಸಾದದ್ದಕ್ಕೆ ಮಾತ್ರ ಲ್ಯೂಕಸ್-ಲೆಹ್ಮರ್, ಅದೂ ಬೇರೆ ಯಂತ್ರದಲ್ಲಿ, ಬೇರೆ ಪ್ರೋಗ್ರಾಂನಲ್ಲಿ.