ಶಾಲೆಯಲ್ಲಿ ಲೈಂಗಿಕ ಸೋಂಕಿನ ತಪಾಸಣೆ: ಮೊದಲು ಗುಟ್ಟು ಕಾಯುವ ಏರ್ಪಾಡು, ಆಮೇಲೆ ಪರೀಕ್ಷೆ

ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗಿನ ನಮ್ಮ ಶಾಲೆಗಳಿಗೆ ಕಣ್ಣು, ಹಲ್ಲು, ರಕ್ತಹೀನತೆಗಳ ತಪಾಸಣೆ ಹೊಸತಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳನ್ನೂ ಶಾಲೆಯಲ್ಲಿಯೇ ಪತ್ತೆ ಮಾಡಬಹುದೇ ಎಂದು ಅಧ್ಯಾಪಕ-ರಕ್ಷಕ ಸಂಘದ ಸಭೆಯಲ್ಲಿ ಯಾರಾದರೂ ಕೇಳಿದರೆ ಮಾತ್ರ ಸಭೆ ಮೌನವಾಗುತ್ತದೆ. ಪ್ರಶ್ನೆಗೆ ಕಾರಣವಿದೆ. ಕ್ಲಮೈಡಿಯ ಮತ್ತು ಗೊನೋರಿಯ ಎಂಬ ಸೋಂಕುಗಳು ಅನೇಕರಲ್ಲಿ, ಅದರಲ್ಲಿಯೂ ಹುಡುಗಿಯರಲ್ಲಿ, ಯಾವ ಲಕ್ಷಣವನ್ನೂ ತೋರಿಸದೆ ಇರುತ್ತವೆ. ಚಿಕಿತ್ಸೆಯಿಲ್ಲದೆ ಉಳಿದರೆ ಗರ್ಭನಾಳಕ್ಕೆ ಏರಿ, ಮುಂದೆ ಮಕ್ಕಳಾಗದಿರುವುದಕ್ಕೋ ಗರ್ಭಕೋಶದ ಹೊರಗೆ ಗರ್ಭ ನಿಲ್ಲುವ ಅಪಾಯಕ್ಕೋ ಕಾರಣವಾಗಬಹುದು. ನಮ್ಮ ಸರಕಾರಿ ವ್ಯವಸ್ಥೆಯಲ್ಲಿ ಉರಿಮೂತ್ರ, ಸ್ರಾವ, ಹುಣ್ಣು ಮುಂತಾದ ಲಕ್ಷಣಗಳನ್ನು ನೋಡಿ, ಬಣ್ಣ ಬಣ್ಣದ ಕಿಟ್ಟುಗಳಲ್ಲಿ ಜೋಡಿಸಿಟ್ಟ ಔಷಧಿ ಕೊಡುವ ಕ್ರಮವಿದೆ. ಲಕ್ಷಣವೇ ಇಲ್ಲದವರಿಗೆ ಆ ಕ್ರಮದಿಂದ ಪ್ರಯೋಜನವಾಗುವುದಿಲ್ಲ.

ಶಾಲೆಯಲ್ಲಿ ಇಂಥ ತಪಾಸಣೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ ಊರು ಅಮೆರಿಕದ ಫಿಲಡೆಲ್ಫಿಯ. ಅಲ್ಲಿನ ಸರಕಾರಿ ಹೈಸ್ಕೂಲುಗಳಲ್ಲಿ 2003ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ಮೊದಲು ತಿಳಿವಳಿಕೆಯ ತರಗತಿ ನಡೆಯುತ್ತದೆ. ಆಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೂತ್ರದ ಡಬ್ಬಿಯಿರುವ ಕಾಗದದ ಚೀಲ ಕೊಡುತ್ತಾರೆ. ಎಲ್ಲರೂ ಶೌಚಾಲಯಕ್ಕೆ ಹೋಗಿ ಬರಬೇಕು, ಎಲ್ಲರೂ ಚೀಲವನ್ನು ಹಿಂದಿರುಗಿಸಬೇಕು. ಡಬ್ಬಿ ತುಂಬಿದೆಯೋ ಖಾಲಿಯೋ ಎಂಬುದು ಪಕ್ಕದ ಬೆಂಚಿನವರಿಗಾಗಲಿ ಅಧ್ಯಾಪಕರಿಗಾಗಲಿ ತಿಳಿಯುವುದಿಲ್ಲ. ಪರೀಕ್ಷಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ಐದು ಮಂದಿಯಲ್ಲಿ ಸೋಂಕು ಕಂಡುಬಂದಿತು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದಾಗಿ ಕಾಣುವುದು ಪ್ರಯೋಗಾಲಯದ ಯಂತ್ರವಲ್ಲ, ಆ ಕಾಗದದ ಚೀಲ.

ಆದರೆ ಅದನ್ನು ಹಾಗೆಯೇ ಕುಂಬಳೆಗೋ ಬದಿಯಡ್ಕಕ್ಕೋ ತರಲಾಗುವುದಿಲ್ಲ. ಅಡ್ಡವಾಗಿರುವುದು ಸಂಕೋಚಕ್ಕಿಂತ ಹೆಚ್ಚಾಗಿ ಕಾನೂನು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹದಿಹರೆಯದವರು ಈ ಸೋಂಕುಗಳ ಪರೀಕ್ಷೆಗೆ ತಾವೇ ಒಪ್ಪಿಗೆ ಕೊಡಬಹುದು. ಇಲ್ಲಿ ಹದಿನೆಂಟು ತುಂಬದವರಿಗೆ ಹೆತ್ತವರ ಲಿಖಿತ ಒಪ್ಪಿಗೆ ಪಡೆಯುವುದೇ ಸುರಕ್ಷಿತ ದಾರಿ. ಅದಕ್ಕಿಂತ ಮುಖ್ಯವಾಗಿ, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಲೈಂಗಿಕ ಸಂಪರ್ಕಕ್ಕೆ ಹದಿನೆಂಟಕ್ಕಿಂತ ಕೆಳಗಿನವರು ಕೊಟ್ಟ ಸಮ್ಮತಿ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ವೈದ್ಯರೂ ದಾದಿಯರೂ ಅಧ್ಯಾಪಕರೂ ಇದಕ್ಕೆ ಹೊರತಲ್ಲ. ಹಾಗಿರುವಾಗ "ನಿನ್ನ ಫಲಿತಾಂಶ ಯಾರಿಗೂ ಗೊತ್ತಾಗದು" ಎಂದು ಹದಿನಾರರ ಹುಡುಗಿಗೆ ಮಾತು ಕೊಡುವುದು ಸುಳ್ಳು ಹೇಳಿದಂತೆ.

ಆದ್ದರಿಂದ ಮೊದಲ ಹೆಜ್ಜೆ ಶಾಲೆಯೊಳಗಿನದಲ್ಲ. ಮುಖ್ಯೋಪಾಧ್ಯಾಯರು, ಶಾಲಾ ಕೌನ್ಸಿಲರ್, ಊರಿನ ಕುಟುಂಬ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಒಟ್ಟಿಗೆ ಕುಳಿತು, ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೂ ಕೇಳಿ, ಸೋಂಕು ಕಂಡುಬಂದರೆ ಯಾರು ಯಾರಿಗೆ ಯಾವ ಕ್ರಮದಲ್ಲಿ ತಿಳಿಸಬೇಕು ಎಂಬುದನ್ನು ಬರೆದಿಡಬೇಕು. ಇಲಾಖೆಗಳ ಲಿಖಿತ ಅನುಮತಿಯಿಲ್ಲದೆ ಶಾಲೆಯು ತಾನಾಗಿ ಒಂದು ಡಬ್ಬಿಯನ್ನೂ ಹಂಚಬಾರದು.

ಎರಡನೆಯದು ತಿಳಿವಳಿಕೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕರಪತ್ರ ಕನ್ನಡದಲ್ಲಿಯೇ ಇರಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂಬ ನಮ್ಮ ಬದುಕಿನಲ್ಲಿ ಒಪ್ಪಿಗೆಪತ್ರಕ್ಕೆ ಹೆತ್ತವರು ಓದಲಾಗದ ಭಾಷೆಯಲ್ಲಿ ಸಹಿ ಹಾಕಿದರೆ ಅದು ಒಪ್ಪಿಗೆಯೇ ಅಲ್ಲ. ಹೆತ್ತವರ ಸಹಿಯಿದ್ದರೂ ಮಗು ಬೇಡವೆಂದರೆ ಅಲ್ಲಿಗೆ ಮುಗಿಯಬೇಕು. ಗುಟ್ಟು ಎಲ್ಲಿಯವರೆಗೆ ಉಳಿಯುತ್ತದೆ, ಎಲ್ಲಿಂದ ಮುಂದೆ ಕಾನೂನಿನ ಕರ್ತವ್ಯ ಆರಂಭವಾಗುತ್ತದೆ ಎಂಬುದನ್ನು ಡಬ್ಬಿ ಕೈಗೆ ಕೊಡುವ ಮೊದಲೇ ಹೇಳಬೇಕು. ಎಚ್‌ಐವಿ ಪರೀಕ್ಷೆಯನ್ನು ಇದರೊಂದಿಗೆ ಸೇರಿಸಕೂಡದು. ಅದಕ್ಕೆ 2017ರ ಕಾಯ್ದೆಯ ಪ್ರಕಾರ ಬೇರೆಯೇ ಒಪ್ಪಿಗೆ ಮತ್ತು ಆಪ್ತಸಮಾಲೋಚನೆ ಬೇಕು.

ಮಾದರಿ ಸಂಗ್ರಹ ಸುಲಭ. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಮೊದಲು ಬರುವ 20ರಿಂದ 30 ಮಿಲಿಲೀಟರನ್ನೇ ಡಬ್ಬಿಯಲ್ಲಿ ಹಿಡಿಯಬೇಕು. ಸಾಮಾನ್ಯ ಮೂತ್ರ ಪರೀಕ್ಷೆಗೆ ನಡುವಿನದನ್ನು ಕೇಳುವುದರಿಂದ ಅನೇಕರು ಇಲ್ಲಿ ತಪ್ಪುತ್ತಾರೆ. ಡಬ್ಬಿಯ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು. ಸಂಖ್ಯೆ ಯಾರದೆಂಬ ಪಟ್ಟಿ ವೈದ್ಯಾಧಿಕಾರಿಯ ಬೀಗದೊಳಗಿರಲಿ. ರಕ್ತಹೀನತೆಯ ಪರೀಕ್ಷೆ ನಡೆದ ಒಂದು ಶಾಲೆಯಲ್ಲಿ ಹೆಸರು ಸಮೇತ ಫಲಿತಾಂಶವನ್ನು ನೋಟೀಸು ಬೋರ್ಡಿಗೆ ಹಚ್ಚಿದ್ದನ್ನು ನಾನು ಕಂಡಿದ್ದೇನೆ. ಅಂಥ ಅಭ್ಯಾಸವಿರುವ ಶಾಲೆ ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು. ಮಾದರಿಯಲ್ಲಿ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪರೀಕ್ಷೆಗೆ, ಕ್ಷಯದ ಪತ್ತೆಗೆ ಬಳಸುವ ಜೀನ್‌ಎಕ್ಸ್‌ಪರ್ಟ್ ಯಂತ್ರವೂ ಆಗುತ್ತದೆ; ಅದಕ್ಕೆ ಬೇರೆ ಕಾರ್ಟ್ರಿಜ್ ಹಾಕಬೇಕು, ಫಲಿತಾಂಶ ಸುಮಾರು ಒಂದೂವರೆ ಗಂಟೆಯಲ್ಲಿ ಬರುತ್ತದೆ.

ಇಲ್ಲೊಂದು ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಸೋಂಕಿಲ್ಲದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ "ಇಲ್ಲ" ಎಂದು ಸರಿಯಾಗಿ ಹೇಳುವ ಪರೀಕ್ಷೆ ನಮ್ಮಲ್ಲಿದೆಯೆಂದು ಇಟ್ಟುಕೊಳ್ಳೋಣ. ಸಾವಿರ ಮಕ್ಕಳಲ್ಲಿ ನಿಜವಾಗಿ ಸೋಂಕಿರುವವರು ಐವರೇ ಆಗಿದ್ದರೆ, ಆ ಐವರೊಂದಿಗೆ ಸೋಂಕಿಲ್ಲದ ಸುಮಾರು ಹತ್ತು ಮಂದಿಗೂ "ಇದೆ" ಎಂಬ ಫಲಿತಾಂಶ ಬರುತ್ತದೆ. ಸೋಂಕು ವಿರಳವಾದಷ್ಟೂ ತಪ್ಪು ಫಲಿತಾಂಶದ ಪಾಲು ಹೆಚ್ಚು. ಫಿಲಡೆಲ್ಫಿಯದಲ್ಲಿ ಅದು ಔಷಧಿಯಲ್ಲಿ ಮುಗಿಯುವ ತಪ್ಪು. ನಮ್ಮಲ್ಲಿ ಒಂದು ಮನೆಯ ಬಾಗಿಲಿಗೆ ಪೊಲೀಸರನ್ನು ತರಬಹುದಾದ ತಪ್ಪು. ಹಾಗಾಗಿ ಮೊದಲ ಫಲಿತಾಂಶದ ಮೇಲೆ ಯಾವ ತೀರ್ಮಾನಕ್ಕೂ ಬರಬಾರದು. ಹೊಸ ಮಾದರಿಯಿಂದ, ಸಾಧ್ಯವಾದರೆ ಬೇರೆ ವಿಧಾನದಿಂದ, ಎರಡನೆಯ ಪರೀಕ್ಷೆ ಆಗಲೇಬೇಕು. ಇದೇ ಲೆಕ್ಕದ ಕಾರಣದಿಂದ, ಇಡೀ ತರಗತಿಯನ್ನು ಪರೀಕ್ಷಿಸುವುದಕ್ಕಿಂತ ತರಗತಿಗೆಲ್ಲ ತಿಳಿವಳಿಕೆ ಕೊಟ್ಟು, ಬೇಕೆನಿಸಿದವರು ತಾವಾಗಿ ಹದಿಹರೆಯದವರ ಆರೋಗ್ಯ ಕ್ಲಿನಿಕ್ಕಿಗೆ ಹೋಗುವ ದಾರಿ ಮಾಡುವುದೇ ನಮ್ಮ ಜಿಲ್ಲೆಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಇಂಥ ಕ್ಲಿನಿಕ್ಕುಗಳಿವೆ.

ಫಲಿತಾಂಶವನ್ನು ಶಾಲೆಯಲ್ಲಿ ಹೇಳಕೂಡದು. ಕ್ಲಿನಿಕ್ಕಿನಲ್ಲಿ ವೈದ್ಯರೇ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ, ಸೋಂಕು ಇಲ್ಲದವರಿಗೂ ಅಷ್ಟೇ ಹೊತ್ತು ತೆಗೆದುಕೊಂಡು ತಿಳಿಸಬೇಕು. ಐದು ನಿಮಿಷ ಒಳಗಿದ್ದವಳಿಗೇನೋ ಇದೆ ಎಂದು ಹೊರಗೆ ಕಾಯುವವರು ಊಹಿಸುವಂತಾಗಬಾರದು. ಕ್ಲಮೈಡಿಯಕ್ಕೆ ಸಾಮಾನ್ಯವಾಗಿ ಏಳು ದಿನದ ಡಾಕ್ಸಿಸೈಕ್ಲಿನ್, ಗೊನೋರಿಯಕ್ಕೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು. ಎರಡೂ ವೈದ್ಯರ ಕೈಯಿಂದಲೇ ಆಗಬೇಕು. ಮಗು ದೌರ್ಜನ್ಯಕ್ಕೆ ಒಳಗಾಗಿರುವ ಶಂಕೆಯಿದ್ದರೆ ವಿಚಾರಣೆ ಮಾಡುವುದು ಅಧ್ಯಾಪಕರ ಕೆಲಸವಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪೊಲೀಸರಿಗೆ ತಿಳಿಸಿ, ಕೌನ್ಸಿಲರ್ ಮಗುವಿನ ಜೊತೆಗಿರಬೇಕು.

ಗುಣವಾದವರಿಗೂ ಮತ್ತೆ ಸೋಂಕು ತಗಲುವುದು ಸಾಮಾನ್ಯವಾದ್ದರಿಂದ ಮೂರು ತಿಂಗಳಿಗೆ ಮರುಪರೀಕ್ಷೆ ಬೇಕು. ಆದ್ದರಿಂದ ಇದನ್ನೆಲ್ಲ ಓಣಂ ರಜೆಗೆ ಮುಂಚೆಯೇ ಆರಂಭಿಸಬೇಕು. ಜನವರಿಗೆ ಇಟ್ಟುಕೊಂಡರೆ, ಮರುಪರೀಕ್ಷೆಯ ಹೊತ್ತಿಗೆ ಪ್ಲಸ್ ಟು ಮಕ್ಕಳು ಪರೀಕ್ಷೆ ಮುಗಿಸಿ, ಕೆಲವರು ಮಂಗಳೂರಿನ ಕಾಲೇಜಿನ ಅರ್ಜಿ ಹಿಡಿದುಕೊಂಡು, ಶಾಲೆಯ ಕೈಗೆ ಸಿಗದಂತಾಗಿರುತ್ತಾರೆ.