ಗಣಿತ ಮತ್ತು ಹಣಕಾಸನ್ನು ಒಟ್ಟಿಗೆ ಓದಬೇಕೆನ್ನುವವರಿಗೆ: ಪಿಯುಸಿಯಿಂದ ಪದವಿಯವರೆಗೆ

ಗಣಿತ ಇಷ್ಟ, ಆದರೆ ಎಂಜಿನಿಯರಿಂಗ್ ಬೇಡ ಎನ್ನುವ ಪಿಯುಸಿ ವಿದ್ಯಾರ್ಥಿಗೆ ಮನೆಯವರು ಸಾಮಾನ್ಯವಾಗಿ ತೋರಿಸುವುದು ಎರಡು ದಾರಿ: ಬಿಎಸ್ಸಿ, ಬಿಎಡ್ ಮುಗಿಸಿ ಉಪಾಧ್ಯಾಯರಾಗುವುದು, ಇಲ್ಲವೇ ಬಿಕಾಂ ಸೇರಿ ಸಿಎ ಪರೀಕ್ಷೆ ಕಟ್ಟುವುದು. ಎರಡೂ ಗೌರವದ ದಾರಿಗಳೇ. ಇವುಗಳ ಜೊತೆಗೆ, ಗಣಿತವನ್ನೇ ಮುಖ್ಯವಾಗಿಟ್ಟುಕೊಂಡು ಹಣಕಾಸನ್ನು ಅದರೊಡನೆ ಕಲಿಯುವ ಮೂರನೆಯದೊಂದು ದಾರಿಯೂ ಇದೆ. ವಿಮೆಯ ಪ್ರೀಮಿಯಂ ಎಷ್ಟಿರಬೇಕು, ಬ್ಯಾಂಕು ಕೊಟ್ಟ ಸಾಲಗಳಲ್ಲಿ ಎಷ್ಟು ಮರಳದೆ ಹೋಗಬಹುದು, ಪಿಂಚಣಿ ನಿಧಿಯೊಂದು ಮೂವತ್ತು ವರ್ಷಗಳ ನಂತರದ ಹೊಣೆಗೆ ಇಂದು ಎಷ್ಟು ಹಣ ತೆಗೆದಿಡಬೇಕು ಎಂಬಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ ಅದು. ಆ ದಾರಿಯಲ್ಲಿ ನಡೆಯಬೇಕೆನ್ನುವವರು ಏನನ್ನು ಯಾವಾಗ ಓದಬೇಕು, ಕೋರ್ಸನ್ನು ಹೇಗೆ ಆರಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ಗಣಿತದ ತಳಪಾಯ ಗಟ್ಟಿಯಾಗಿರುವವರು ಹಣಕಾಸನ್ನು ಒಂದೆರಡು ವರ್ಷಗಳಲ್ಲಿ ಕಲಿತುಕೊಳ್ಳಬಲ್ಲರು. ಹಣಕಾಸನ್ನು ಮೊದಲು ಕಲಿತು, ನಂತರ ಸಂಭವನೀಯತೆ, ರೇಖೀಯ ಬೀಜಗಣಿತಗಳನ್ನು ತಾವೇ ತುಂಬಿಕೊಳ್ಳುತ್ತೇವೆ ಎಂದು ಹೊರಟವರಿಗೆ ಅದು ಬಹಳ ಕಷ್ಟವಾಗುತ್ತದೆ. ಆದ್ದರಿಂದ ಎಲ್ಲಿ ಆಯ್ಕೆಯ ಪ್ರಶ್ನೆ ಬಂದರೂ ಗಣಿತ ಹೆಚ್ಚಿರುವ ಕಡೆಗೆ ವಾಲುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಪಿಯುಸಿಯಲ್ಲಿ ಗಮನಿಸಬೇಕಾದದ್ದು

ವಿಜ್ಞಾನ ವಿಭಾಗದಲ್ಲಿ ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಎಸ್ ಯಾವುದನ್ನು ತೆಗೆದುಕೊಂಡರೂ ಗಣಿತ ಇದ್ದೇ ಇರುತ್ತದೆ. ಸಂಖ್ಯಾಶಾಸ್ತ್ರವೂ ಸಿಗುವ ಪಿಸಿಎಂಎಸ್ ಈ ದಾರಿಗೆ ಹೆಚ್ಚು ಹೊಂದುತ್ತದೆ, ಆದರೆ ಅದನ್ನು ಕಲಿಸುವ ಕಾಲೇಜುಗಳು ಕಡಿಮೆ. ವಾಣಿಜ್ಯ ವಿಭಾಗದವರು ಇಲ್ಲಿ ಎಚ್ಚರ ವಹಿಸಬೇಕು. ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಓದಿದ್ದರೆ ಸಾಕು ಎಂದುಕೊಂಡು ಬಂದ ವಿದ್ಯಾರ್ಥಿಗೆ, ವಿಜ್ಞಾನ ವಿಭಾಗದ ಗಣಿತವನ್ನೇ ಓದಿರಬೇಕೆಂಬ ನಿಯಮ ಅರ್ಜಿ ಹಾಕುವ ದಿನ ಎದುರಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲೇ, ಮುಂದೆ ಸೇರಬೇಕೆಂದಿರುವ ಮೂರು ನಾಲ್ಕು ಕೋರ್ಸುಗಳ ಅರ್ಹತೆಯ ನಿಯಮವನ್ನು ಅವುಗಳ ಪ್ರಾಸ್ಪೆಕ್ಟಸ್‌ನಲ್ಲಿ ಓದಿ ನೋಡಬೇಕು.

ಕೋರ್ಸನ್ನು ಆರಿಸುವ ಬಗೆ

ಒಂದೇ ಬಗೆಯ ಓದು ಹಲವು ಹೆಸರುಗಳಲ್ಲಿ ಸಿಗುತ್ತದೆ, ಹಾಗೆಯೇ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಓದುಗಳೂ ಇರುತ್ತವೆ. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರನ್ನೂ ಒಟ್ಟಿಗೆ ಕಲಿಸುವ ಪದವಿ ಇದೆ. ಈ ಉದ್ದೇಶಕ್ಕೆ ಅದಕ್ಕಿಂತ ಸರಳವಾದ ಸಂಯೋಜನೆ ನನಗೆ ಗೊತ್ತಿಲ್ಲ. ರಾಜ್ಯ ಸರ್ಕಾರ 2024–25ರಿಂದ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ವಿದೇಶದಲ್ಲಿ ಸ್ನಾತಕೋತ್ತರ ಓದುವ ಆಲೋಚನೆಯಿರುವವರು ಆ ವಿಶ್ವವಿದ್ಯಾಲಯ ನಾಲ್ಕು ವರ್ಷದ ಪದವಿ ಕೇಳುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಬಿ.ಮ್ಯಾಥ್, ಅದೇ ಸಂಸ್ಥೆಯ ಕೋಲ್ಕತ್ತದ ಮೂಲ ಕೇಂದ್ರದಲ್ಲಿ ಬಿ.ಸ್ಟ್ಯಾಟ್, ಚೆನ್ನೈ ಬಳಿಯ ಸಿರುಸೇರಿಯಲ್ಲಿರುವ ಚೆನ್ನೈ ಗಣಿತ ಸಂಸ್ಥೆಯಲ್ಲಿ ಬಿಎಸ್ಸಿ, ಇವು ದೇಶದ ಅತ್ಯುತ್ತಮ ಗಣಿತ ಪದವಿಗಳ ಸಾಲಿಗೆ ಸೇರುತ್ತವೆ. ಇವುಗಳ ಹೆಸರಿನಲ್ಲಿ ಹಣಕಾಸಿನ ಸುಳಿವೇ ಇಲ್ಲ. ಆದರೂ ಇಲ್ಲಿಂದ ಹೊರಬಂದವರನ್ನು ಹಣಕಾಸು ಸಂಸ್ಥೆಗಳು ಹುಡುಕಿಕೊಂಡು ಹೋಗುತ್ತವೆ. ಪ್ರವೇಶ ಪರೀಕ್ಷೆಗಳಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಜೊತೆಗೆ ಬಿಡಿಸಿ ಬರೆಯುವ ಪ್ರಶ್ನೆಗಳೂ ಇರುತ್ತವೆ. ಸಿಇಟಿಗೆ ತಯಾರಾದ ರೀತಿಯಲ್ಲೇ ತಯಾರಾದರೆ ಅಲ್ಲಿ ಏನೂ ಸಾಗುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು, ಒಂದೊಂದು ಪ್ರಶ್ನೆಯ ಮುಂದೆ ಗಂಟೆಗಟ್ಟಲೆ ಕೂರುವ ಅಭ್ಯಾಸ ಬೇಕು.

ಕೋರ್ಸಿನ ಹೆಸರಿನಲ್ಲಿ ‘ಫೈನಾನ್ಷಿಯಲ್ ಮ್ಯಾಥಮ್ಯಾಟಿಕ್ಸ್’, ‘ಆಕ್ಚುಯೇರಿಯಲ್ ಸೈನ್ಸ್’ (ವಿಮೆ, ಪಿಂಚಣಿಗಳ ಅಪಾಯವನ್ನು ಲೆಕ್ಕ ಹಾಕುವ ಶಾಸ್ತ್ರ), ‘ಕ್ವಾಂಟಿಟೇಟಿವ್ ಫೈನಾನ್ಸ್’ ಎಂದೇನೇ ಇರಲಿ, ಸೇರುವ ಮುನ್ನ ಪಠ್ಯಕ್ರಮದ ಪ್ರತಿ ತರಿಸಿಕೊಂಡು ಮೊದಲ ನಾಲ್ಕು ಸೆಮಿಸ್ಟರ್‌ಗಳನ್ನು ಗಮನವಿಟ್ಟು ಓದಿ. ಕಲನಶಾಸ್ತ್ರ ಮತ್ತು ನೈಜ ವಿಶ್ಲೇಷಣೆ (ರಿಯಲ್ ಅನಾಲಿಸಿಸ್), ರೇಖೀಯ ಬೀಜಗಣಿತ, ಅವಕಲ ಸಮೀಕರಣಗಳು, ಸಂಭವನೀಯತೆ, ಸಂಖ್ಯಾಶಾಸ್ತ್ರೀಯ ಅನುಮಾನ ಇವು ಪ್ರತ್ಯೇಕ ಪತ್ರಿಕೆಗಳಾಗಿ ಇರಬೇಕು. ಸಂಭವನೀಯತೆಗೆ ಕನಿಷ್ಠ ಒಂದು ಇಡೀ ಸೆಮಿಸ್ಟರ್, ಸಾಧ್ಯವಾದರೆ ಎರಡು ಮೀಸಲಾಗಿರಬೇಕು. ಅದು ‘ಪರಿಮಾಣಾತ್ಮಕ ತಂತ್ರಗಳು’ ಎಂಬ ಪತ್ರಿಕೆಯೊಳಗಿನ ಒಂದು ಘಟಕವಾಗಿ ಮಾತ್ರ ಕಾಣಿಸಿಕೊಂಡರೆ, ಅದು ಗಣಿತದ ಹೆಸರು ಹೊತ್ತ ವಾಣಿಜ್ಯ ಪದವಿ ಎಂದು ತಿಳಿಯಬಹುದು. ಲಕ್ಷಗಟ್ಟಲೆ ಶುಲ್ಕ ಕೇಳುವ ಕಡೆ ಈ ಪರಿಶೀಲನೆ ಇನ್ನೂ ಅಗತ್ಯ. ಸಾಧ್ಯವಿದ್ದರೆ ಅಲ್ಲಿಯೇ ಎರಡನೇ ವರ್ಷ ಓದುತ್ತಿರುವವರ ನೋಟ್ಸ್ ತೆರೆದು ನೋಡಿ: ಪ್ರಮೇಯಗಳ ಸಾಧನೆ ಬರೆಸುತ್ತಾರೋ, ಸೂತ್ರ ಕೊಟ್ಟು ಸಂಖ್ಯೆ ತುಂಬಿಸುತ್ತಾರೋ ಎಂಬುದು ನಾಲ್ಕು ಪುಟಗಳಲ್ಲೇ ಗೊತ್ತಾಗುತ್ತದೆ.

ಓದಬೇಕಾದ ರೀತಿ: ಎರಡು ಲೆಕ್ಕಗಳು

ಮೊದಲ ವರ್ಷದಲ್ಲಿ ಎದುರಾಗುವ ಹಣಕಾಸಿನ ಗಣಿತವೆಂದರೆ ಬಡ್ಡಿಯದು. ಇದು ನಮ್ಮ ನೆಲಕ್ಕೆ ಹೊಸದಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಅವಧಿಗಳನ್ನು ಬೆರೆಸಿದ ಲೆಕ್ಕಗಳು ಹಲವಿವೆ. ಇಂದಿನ ವಿದ್ಯಾರ್ಥಿ ಇದನ್ನು ಇಎಂಐ, ಅಂದರೆ ಸಾಲದ ತಿಂಗಳ ಸಮಾನ ಕಂತಿನಿಂದ ಆರಂಭಿಸಬಹುದು. 10 ಲಕ್ಷ ರೂಪಾಯಿಯ ಗೃಹಸಾಲ, ವರ್ಷಕ್ಕೆ ಶೇ 9ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ ದರ 0.0075, ಕಂತುಗಳು 240. ಮುಂದೆ ಕಟ್ಟುವ ಪ್ರತಿಯೊಂದು ಕಂತನ್ನೂ ಇಂದಿನ ಮೌಲ್ಯಕ್ಕೆ ಇಳಿಸಿ ಕೂಡಿದರೆ 10 ಲಕ್ಷ ಬರಬೇಕು ಎಂಬುದಷ್ಟೇ ಷರತ್ತು. ಆ 240 ಪದಗಳು ಗುಣೋತ್ತರ ಶ್ರೇಢಿಯಲ್ಲಿರುವುದರಿಂದ ಪಿಯುಸಿಯ ಸೂತ್ರವೇ ಸಾಕು. 1.0075ರ 240ನೇ ಘಾತ ಸುಮಾರು 6.009, ಅದರ ವ್ಯುತ್ಕ್ರಮ 0.1664, ಅದನ್ನು ಒಂದರಿಂದ ಕಳೆದರೆ 0.8336. ಮೊದಲ ತಿಂಗಳ ಬಡ್ಡಿಯಾದ 7,500 ರೂಪಾಯಿಯನ್ನು ಇದರಿಂದ ಭಾಗಿಸಿದಾಗ ಕಂತು ಸುಮಾರು 8,997 ರೂಪಾಯಿ ಎಂದು ಸಿಗುತ್ತದೆ.

ಇಲ್ಲಿಗೆ ನಿಲ್ಲಿಸದೆ ಮುಂದಿನ ಪ್ರಶ್ನೆಗಳನ್ನು ನೀವೇ ಹಾಕಿಕೊಳ್ಳಬೇಕು. ಮೊದಲ ಕಂತಿನಲ್ಲಿ ಅಸಲಿಗೆ ಜಮೆಯಾಗುವುದು 1,497 ರೂಪಾಯಿ ಮಾತ್ರ. ಹಾಗಾದರೆ ಅಸಲಿನ ಅರ್ಧ ಯಾವಾಗ ತೀರುತ್ತದೆ? ಲಾಗರಿದಮ್ ಬಳಸಿ ಬಿಡಿಸಿದರೆ 168ನೇ ಕಂತಿನ ಹೊತ್ತಿಗೆ, ಅಂದರೆ 20 ವರ್ಷಗಳ ಸಾಲದಲ್ಲಿ 14 ವರ್ಷ ಮುಗಿಯುವಾಗ, ಎಂದು ತಿಳಿಯುತ್ತದೆ. ಐದನೇ ವರ್ಷ ಬಡ್ಡಿ ದರ ಬದಲಾದರೆ ಕಂತು ಎಷ್ಟಾಗುತ್ತದೆ, ಕಂತನ್ನು ಹಾಗೆಯೇ ಇಟ್ಟರೆ ಅವಧಿ ಎಷ್ಟು ಹಿಗ್ಗುತ್ತದೆ ಎಂದೂ ಲೆಕ್ಕ ಹಾಕಿ. ಕಂಪ್ಯೂಟರ್ ಈ ಉತ್ತರಗಳನ್ನು ಕ್ಷಣದಲ್ಲಿ ಕೊಡುತ್ತದೆ ನಿಜ, ಆದರೆ ಒಮ್ಮೆ ಕೈಯಾರೆ ಬಿಡಿಸಿದವರಿಗೆ ಮಾತ್ರ ಅದು ತಪ್ಪಿದಾಗ ತಪ್ಪಿದ್ದು ಎಲ್ಲಿ ಎಂಬುದು ಕಾಣುತ್ತದೆ.

ಎರಡನೆಯ ಲೆಕ್ಕ ಇನ್ನಷ್ಟು ಆಳದ್ದು. ಒಂದು ಷೇರಿನ ಇಂದಿನ ಬೆಲೆ 100 ರೂಪಾಯಿ; ಮುಂದಿನ ತಿಂಗಳು ಅದು 120 ಆಗಬಹುದು ಅಥವಾ 90 ಆಗಬಹುದು; ಲೆಕ್ಕ ಸುಲಭವಾಗಲೆಂದು ಬಡ್ಡಿ ಇಲ್ಲವೆಂದು ಭಾವಿಸಿ. ಮುಂದಿನ ತಿಂಗಳು ಆ ಷೇರನ್ನು 100 ರೂಪಾಯಿಗೆ ಕೊಳ್ಳುವ ಹಕ್ಕನ್ನು, ಅಂದರೆ ಕಾಲ್ ಆಪ್ಷನ್ ಅನ್ನು, ಇಂದು ಎಷ್ಟಕ್ಕೆ ಮಾರಬೇಕು? ಬೆಲೆ ಏರುವ ಸಂಭವ ಶೇ 60 ಎಂದು ಹೇಳಿದರೆ, ಹೊಸ ವಿದ್ಯಾರ್ಥಿ 20ನ್ನು 0.6ರಿಂದ ಗುಣಿಸಿ 12 ರೂಪಾಯಿ ಎನ್ನುತ್ತಾನೆ. ಸರಿಯಾದ ಬೆಲೆ 6 ರೂಪಾಯಿ 67 ಪೈಸೆ. ಕಾರಣ ಹೀಗಿದೆ: 60 ರೂಪಾಯಿ ಸಾಲ ಪಡೆದು ಮೂರನೇ ಎರಡು ಭಾಗದಷ್ಟು ಷೇರನ್ನು ಕೊಂಡಿಟ್ಟುಕೊಂಡರೆ, ಬೆಲೆ ಏರಿದಾಗ 80ರಲ್ಲಿ ಸಾಲ ಕಳೆದು 20 ಉಳಿಯುತ್ತದೆ, ಇಳಿದಾಗ 60ರಲ್ಲಿ ಸಾಲ ಕಳೆದು ಏನೂ ಉಳಿಯುವುದಿಲ್ಲ. ಆಪ್ಷನ್ ಕೊಡುವ ಹಣವೂ ಇಷ್ಟೇ. ಹೀಗೆ ಮಾಡಲು ಕೈಯಿಂದ ಹಾಕಬೇಕಾದ ಹಣ 66.67ರಲ್ಲಿ 60 ಕಳೆದ 6.67 ರೂಪಾಯಿ. ಯಾರಾದರೂ 12ಕ್ಕೆ ಕೊಳ್ಳಲು ಸಿದ್ಧರಿದ್ದರೆ, ಅವರಿಗೆ ಮಾರಿ, ಈ ಜೋಡಣೆಯನ್ನು ಇಟ್ಟುಕೊಂಡವರಿಗೆ ಯಾವ ಅಪಾಯವೂ ಇಲ್ಲದೆ 5.33 ರೂಪಾಯಿ ಉಳಿಯುತ್ತದೆ.

ಷೇರು ಏರುವ ಸಂಭವ ಎಷ್ಟು ಎಂಬುದು ಉತ್ತರದಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಈ ಒಂದು ಹೆಜ್ಜೆಯನ್ನು ತಿಂಗಳಿಗೆ ಬದಲಾಗಿ ದಿನಕ್ಕೆ, ಗಂಟೆಗೆ, ಕ್ಷಣಕ್ಕೆ ಇಳಿಸುತ್ತ ಹೋದಾಗ ತಲುಪುವುದು 1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಪ್ರಕಟಿಸಿದ, ರಾಬರ್ಟ್ ಮರ್ಟನ್ ವಿಸ್ತರಿಸಿದ ಸೂತ್ರವನ್ನು. 1997ರಲ್ಲಿ ಶೋಲ್ಸ್ ಮತ್ತು ಮರ್ಟನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ದೊರೆತಾಗ ಬ್ಲ್ಯಾಕ್ ಬದುಕಿರಲಿಲ್ಲ. ಅಲ್ಲಿಗೆ ಹೋಗುವ ದಾರಿಯಲ್ಲಿ ಜಪಾನಿನ ಗಣಿತಜ್ಞ ಕಿಯೋಸಿ ಇಟೊ 1940ರ ದಶಕದಲ್ಲಿ ಕಟ್ಟಿದ ಕಲನಶಾಸ್ತ್ರ ಬೇಕು, ಅದಕ್ಕೆ ನೈಜ ವಿಶ್ಲೇಷಣೆ ಬೇಕು. ಎರಡನೇ ಸೆಮಿಸ್ಟರ್‌ನಲ್ಲಿ ನೈಜ ವಿಶ್ಲೇಷಣೆಯ ಎಪ್ಸಿಲಾನ್, ಡೆಲ್ಟಾಗಳೊಡನೆ ಗುದ್ದಾಡುವ ವಿದ್ಯಾರ್ಥಿ, ಇದರಿಂದ ಹಣಕಾಸಿಗೇನು ಉಪಯೋಗ ಎಂದು ಬೇಸತ್ತು ಬಿಟ್ಟುಬಿಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ತರಗತಿಯ ಹೊರಗೆ

ಪ್ರೋಗ್ರಾಮಿಂಗ್ ಬರಲೇಬೇಕು. ಪೈಥಾನ್ ಅಥವಾ ಆರ್, ಎರಡರಲ್ಲಿ ಒಂದನ್ನು ಚೆನ್ನಾಗಿ ಕಲಿತು, ಎಕ್ಸೆಲ್‌ನಲ್ಲೂ ಕೈ ಪಳಗಿಸಿಕೊಳ್ಳಿ. ಷೇರು ಬೆಲೆಗಳ ಹಳೆಯ ದತ್ತಾಂಶ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ತಾಣದಲ್ಲಿಯೂ, ಬಡ್ಡಿ ದರ, ಹಣದುಬ್ಬರದ ಅಂಕಿಗಳು ರಿಸರ್ವ್ ಬ್ಯಾಂಕಿನ ತಾಣದಲ್ಲಿಯೂ ಉಚಿತವಾಗಿ ಸಿಗುತ್ತವೆ. ಕಾಲೇಜಿನಲ್ಲಿ ಗಣಿತೀಯ ಹಣಕಾಸು ಕಲಿಸುವವರಿಲ್ಲದಿದ್ದರೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಅಧ್ಯಾಪಕರ ಪಾಠಗಳಿವೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಕುರಿತ ಅಳುಕು ಸಹಜ. ಗಣಿತದ ಪುಸ್ತಕಗಳ ಇಂಗ್ಲಿಷ್ ಸೀಮಿತವಾದದ್ದು, ಒಂದು ಸೆಮಿಸ್ಟರ್‌ನಲ್ಲಿ ಹಿಡಿತಕ್ಕೆ ಬರುತ್ತದೆ; ಕಷ್ಟ ಕೊಡುವುದು ಹಣಕಾಸಿನ ಭಾಷೆ. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಸುಮಾರು ಎರಡು ತಿಂಗಳಿಗೊಮ್ಮೆ ರೆಪೊ ದರದ (ಅದು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ) ನಿರ್ಧಾರ ಪ್ರಕಟಿಸಿದಾಗ, ಅದೇ ಸುದ್ದಿಯನ್ನು ಒಂದು ಕನ್ನಡ ಪತ್ರಿಕೆಯಲ್ಲಿ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ, ನಂತರ ಸಮಿತಿಯ ಮೂಲ ಹೇಳಿಕೆಯನ್ನು ಓದಿ. ಹೀಗೆ ಮೂರು ವರ್ಷ ಮಾಡಿದವರು ಸಂದರ್ಶನದಲ್ಲಿ ತಡವರಿಸುವುದಿಲ್ಲ.

ವಿಮೆ, ಪಿಂಚಣಿಗಳ ಕಡೆಗೆ ಒಲವಿದ್ದರೆ ಪದವಿಯ ಜೊತೆಗೇ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾದ ಪರೀಕ್ಷೆಗಳನ್ನು ಆರಂಭಿಸಬಹುದು. ಎಸಿಇಟಿ ಎಂಬ ಪ್ರವೇಶ ಪರೀಕ್ಷೆಯಲ್ಲಿ ಪಾಸಾದ ಮೇಲೆ ಸಂಖ್ಯಾಶಾಸ್ತ್ರದ ಸಿಎಸ್1, ಬಡ್ಡಿ ಮತ್ತು ಜೀವವಿಮೆಯ ಗಣಿತದ ಸಿಎಂ1 ಪತ್ರಿಕೆಗಳಿಂದ ಶುರು ಮಾಡುವುದು ಗಣಿತದ ವಿದ್ಯಾರ್ಥಿಗೆ ಅನುಕೂಲ, ಏಕೆಂದರೆ ಪದವಿಯ ಪಾಠ ಮತ್ತು ಇವು ಒಂದಕ್ಕೊಂದು ನೆರವಾಗುತ್ತವೆ. ಮೇಲೆ ಹೇಳಿದ ಆಪ್ಷನ್ ಬೆಲೆಯ ವಿಷಯ ಸಿಎಂ2ರಲ್ಲಿ ಬರುತ್ತದೆ. ಎಲ್ಲ ಪತ್ರಿಕೆಗಳನ್ನು ಮುಗಿಸಲು ಹಲವು ವರ್ಷ ಹಿಡಿಯುತ್ತದೆ; ನಾಲ್ಕೈದು ಪತ್ರಿಕೆಗಳಾಗುವ ಹೊತ್ತಿಗೆ ಕೆಲಸದ ಬಾಗಿಲು ತೆರೆದುಕೊಳ್ಳತೊಡಗುತ್ತದೆ ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿರುವುದು ಒಳ್ಳೆಯದು.

ಈ ಓದಿಗೂ ಫೋನಿನಲ್ಲಿ ಆಪ್ಷನ್ ಟ್ರೇಡಿಂಗ್ ಮಾಡುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗೆ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡಿದ್ದಾರೆ. ಕಾಲೇಜಿನ ಶುಲ್ಕಕ್ಕೆಂದು ಅಪ್ಪ ಕಳಿಸಿದ ಹಣವನ್ನು ‘ಪ್ರಾಯೋಗಿಕ ಅನುಭವ’ದ ಹೆಸರಿನಲ್ಲಿ ಕಳೆಯುವ ಹುಡುಗರಿದ್ದಾರೆ. ಅನುಭವ ಬೇಕೆನ್ನುವವರು ಹಳೆಯ ಬೆಲೆಗಳ ಮೇಲೆ ಕಾಗದದಲ್ಲಿಯೇ ವಹಿವಾಟು ನಡೆಸಿ, ಬ್ರೋಕರೇಜ್ ಮತ್ತು ತೆರಿಗೆಯನ್ನೂ ಕಳೆದು ಫಲಿತಾಂಶ ಬರೆದಿಡಲಿ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಹೆಚ್ಚಿನವರು ‘ನಾಳಿನ ಷೇರು ಬೆಲೆಯ ಮುನ್ಸೂಚನೆ’ಯಂಥ ವಿಷಯ ಆರಿಸುತ್ತಾರೆ, ಅದರಿಂದ ಹೇಳಿಕೊಳ್ಳುವಂಥದ್ದೇನೂ ಹೊರಡುವುದಿಲ್ಲ. ಚಿಕ್ಕದಾದ, ಉತ್ತರ ಸಿಗಬಲ್ಲ ಪ್ರಶ್ನೆಯನ್ನು ತೆಗೆದುಕೊಳ್ಳಿ. ಷೇರು ಸೂಚ್ಯಂಕ ನಿಫ್ಟಿಯ ದೈನಂದಿನ ಏರಿಳಿತ ಗಂಟೆಯಾಕಾರದ ನಾರ್ಮಲ್ ವಿತರಣೆಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಪರೀಕ್ಷಿಸಬಹುದು. ಕೋವಿಡ್ ಭೀತಿಯಿಂದ ಮಾರುಕಟ್ಟೆ ಕುಸಿದ 2020ರ ಮಾರ್ಚ್ ತಿಂಗಳೊಂದೇ ಆ ವಿತರಣೆಯ ಮಿತಿಯನ್ನು ಎತ್ತಿ ತೋರಿಸುತ್ತದೆ. ನಿಮ್ಮೂರಿನ ಸಹಕಾರ ಸಂಘ ಒಪ್ಪಿದರೆ, ಸದಸ್ಯರ ಹೆಸರು ತೆಗೆದ ಸಾಲದ ಪಟ್ಟಿಯನ್ನು ಪಡೆದು, ಕಂತು ತಪ್ಪುವುದಕ್ಕೂ ಮಳೆ ಅಥವಾ ಬೆಳೆಯ ಬೆಲೆಗೂ ಇರುವ ಸಂಬಂಧವನ್ನು ಅಳೆಯಬಹುದು. ವರದಿಯಲ್ಲಿ ದತ್ತಾಂಶ ಎಲ್ಲಿಂದ ಬಂತು, ಯಾವ ಊಹೆಗಳನ್ನು ಮಾಡಿಕೊಳ್ಳಲಾಗಿದೆ, ಅವು ಎಲ್ಲಿ ಸಡಿಲ ಎಂಬುದನ್ನು ಬಿಡಿಸಿ ಬರೆದು, ಪ್ರೋಗ್ರಾಮನ್ನು ಬೇರೆಯವರೂ ಓಡಿಸಿ ನೋಡುವಂತೆ ಜೊತೆಗಿಡಿ. ಕೆಲಸಕ್ಕಾಗಲಿ ಸ್ನಾತಕೋತ್ತರ ಪ್ರವೇಶಕ್ಕಾಗಲಿ ಸಂದರ್ಶನ ನಡೆಸುವವರು ಅಂಕಪಟ್ಟಿಯನ್ನು ಬದಿಗಿಟ್ಟು ಪ್ರಶ್ನೆ ಕೇಳುವುದು ಸಾಮಾನ್ಯವಾಗಿ ಈ ವರದಿಯಿಂದಲೇ.